ಯಂತ್ರ ಬಂತು, ದಾದಿ ಎಲ್ಲಿ?

ಬಾದಾಮಿಯಿಂದ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ದೂರದ ಮಹಾಕೂಟಕ್ಕೆ ಶ್ರಾವಣ ಸೋಮವಾರಗಳಂದು ಸುತ್ತಲಿನ ಹಳ್ಳಿಗಳ ಜನ ನಸುಕಿನಲ್ಲೇ ಬಂದು ಸೇರುತ್ತಾರೆ. ಗುಡ್ಡಗಳ ನಡುವೆ ಆಲದ ಮರಗಳ ನೆರಳು, ಚಾಲುಕ್ಯರ ಕಾಲದ ಗುಡಿಗಳು, ಸೆಲೆಯ ನೀರು ತುಂಬಿದ ಪುಷ್ಕರಿಣಿ. 2024ರ ಶ್ರಾವಣದ ಒಂದು ಸೋಮವಾರ 78 ವರ್ಷದ ನನ್ನ ಸೋದರಮಾವ ಅಲ್ಲಿ ಸ್ನಾನ ಮುಗಿಸಿ ಮೆಟ್ಟಿಲ ಮೇಲೆ ಕುಳಿತಿದ್ದರು. ಬಲಗೈಯಲ್ಲಿದ್ದ ತಾಮ್ರದ ತಂಬಿಗೆ ಜಾರಿ ನೀರಿಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಾಗಿದವರು ಮತ್ತೆ ಏಳಲಾಗಲಿಲ್ಲ. ಬಾಯಿ ಒಂದು ಬದಿಗೆ ಸೊಟ್ಟಗಾಗಿತ್ತು. ಆಡಿದ ಮಾತು ಯಾರಿಗೂ ತಿಳಿಯಲಿಲ್ಲ. ಆಗ ಬೆಳಗಿನ ಏಳೂವರೆ ಗಂಟೆ.

ಸುತ್ತ ನೆರೆದವರು ರೋಗವನ್ನು ಗುರುತಿಸುವಲ್ಲಿ ತಪ್ಪಲಿಲ್ಲ. ‘ಲಕ್ವಾ ಹೊಡದೈತಿ’ ಎಂದು ನಾಲ್ಕಾರು ಮಂದಿ ಒಟ್ಟಿಗೇ ಹೇಳಿದರಂತೆ. ಆದರೆ ಗುರುತಿಸಿದ ಮೇಲೆ ಏನು ಮಾಡಬೇಕೆಂಬುದು ಯಾರಿಗೂ ತಿಳಿದಿರಲಿಲ್ಲ. ಒಬ್ಬರು ಬಾಯಿಗೆ ತೀರ್ಥ ಬಿಟ್ಟರು. ಇನ್ನೊಬ್ಬರು ಮನೆಗೆ ಕರೆದೊಯ್ದು ಮಲಗಿಸಿರೆಂದರು. ಮನೆಯಲ್ಲಿ ಹಿರಿಯರೊಬ್ಬರು ಲಕ್ವಾಕ್ಕೆ ಸೊಪ್ಪಿನ ರಸ ಕೊಡುವವರೊಬ್ಬರ ನೆನಪು ತೆಗೆದರು. ಈ ಚರ್ಚೆ ಮುಗಿದು, ವಾಹನ ಸಿಕ್ಕಿ, ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಕಳುಹಿಸಲ್ಪಟ್ಟು, ತಲೆಯ ಸಿ.ಟಿ. ಸ್ಕ್ಯಾನ್ ಆಗುವ ಹೊತ್ತಿಗೆ ಸಂಜೆ ನಾಲ್ಕು ಗಂಟೆ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಎಂಟೂವರೆ ಗಂಟೆ ಕಳೆದುಹೋಗಿತ್ತು.

ಇಂತಹ ಸಂದರ್ಭಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ಬರುವ ಲೇಖನಗಳು ಸಾಮಾನ್ಯವಾಗಿ ಈ ವಿಳಂಬದ ಬಗೆಗೇ ಇರುತ್ತವೆ. ವಿಳಂಬ ಸಣ್ಣ ಸಂಗತಿಯಲ್ಲ. ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡಾಗ ಮಿದುಳು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳನ್ನು ಕಳೆದುಕೊಳ್ಳುತ್ತದೆಂದು 2006ರಲ್ಲಿ ಅಮೆರಿಕದ ನರತಜ್ಞ ಜೆಫ್ರಿ ಸೇವರ್ ಲೆಕ್ಕಹಾಕಿ ತೋರಿಸಿದರು. ಆದರೆ ನನ್ನ ಸೋದರಮಾವ ತೀರಿಕೊಂಡದ್ದು ಆ ವಿಳಂಬದಿಂದಲ್ಲ. ಅಂದು ಸಂಜೆ ವೈದ್ಯರು, ‘ಬಲಗೈ ದುರ್ಬಲವಾಗಿಯೇ ಉಳಿಯಬಹುದು, ಆದರೆ ಜೀವಕ್ಕೆ ಅಪಾಯವಿಲ್ಲ’ ಎಂದಿದ್ದರು. ಆ ಮಾತು ವೈದ್ಯಕೀಯವಾಗಿ ಸರಿಯಾಗಿಯೇ ಇತ್ತು. ಅನಂತರ ವಾರ್ಡಿನಲ್ಲಿ ನಡೆದದ್ದೇ ಈ ಲೇಖನದ ವಸ್ತು.

ಒಂದು ಲೋಟ ಗಂಜಿ

ಸುದ್ದಿ ತಿಳಿದು ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದು ನಾನು ಮರುದಿನ ಬೆಳಿಗ್ಗೆ ತಲುಪಿದೆ. ಆಸ್ಪತ್ರೆಯ ಹೆಸರು ಇಲ್ಲಿ ಅಪ್ರಸ್ತುತ. ರಾಜ್ಯದ ಯಾವುದೇ ಊರಿನ ಆಸ್ಪತ್ರೆಯೂ ಅದಾಗಿರಬಹುದಿತ್ತು. ಸುಮಾರು ಮೂವತ್ತು ಹಾಸಿಗೆಗಳ ವಾರ್ಡು. ಸಂಜೆಯ ಪಾಳಿಯಲ್ಲಿ ಇಬ್ಬರು ದಾದಿಯರು. ಒಬ್ಬರು ಔಷಧದ ತಳ್ಳುಗಾಡಿಯ ಹಿಂದೆ, ಇನ್ನೊಬ್ಬರು ದಾಖಲೆಗಳ ಮುಂದೆ. ಹಾಸಿಗೆಯ ಬದಿಯ ಕೆಲಸವೆಲ್ಲ ರೋಗಿಯ ಕಡೆಯವರದು: ಮೈ ಒರೆಸುವುದು, ಬಟ್ಟೆ ಬದಲಿಸುವುದು, ಮಗ್ಗುಲು ತಿರುಗಿಸುವುದು, ಊಟ ಮಾಡಿಸುವುದು. ಇದು ನಮಗೆಲ್ಲ ಎಷ್ಟು ಒಗ್ಗಿಹೋಗಿದೆಯೆಂದರೆ, ಇದರಲ್ಲಿ ಏನಾದರೂ ತಪ್ಪಿದೆಯೆಂದು ನನಗಾಗಲಿ ಅಲ್ಲಿದ್ದ ಬೇರೆಯವರಿಗಾಗಲಿ ಅನ್ನಿಸಲಿಲ್ಲ.

ಎರಡನೆಯ ದಿನ ಸಂಜೆ ಅತ್ತೆ ಚಿಕ್ಕ ವಯಸ್ಸಿನ ದಾದಿಯನ್ನು ತಡೆದು, ‘ಎರಡ ದಿನ ಆತು, ಹೊಟ್ಟ್ಯಾಗ ಏನೂ ಇಲ್ಲ. ಒಂದೀಟು ಗಂಜಿ ಕುಡಸ್ಲೇನ ಯವ್ವಾ?’ ಎಂದು ಕೇಳಿದರು. ಆ ಹುಡುಗಿ ನಡೆಯುತ್ತಲೇ, ‘ಸಾವಕಾಶ ಕುಡಸ್ರಿ, ಅಮ್ಮಾ’ ಎಂದಳು. ಅತ್ತೆ ಲೋಟ ಹಿಡಿದರು. ಮಲಗಿದ್ದವರ ತಲೆಯನ್ನು ಎತ್ತಿ ಹಿಡಿದವನು ನಾನು. ಎರಡು ಗುಟುಕು ಒಳಗೆ ಹೋಯಿತು. ಮೂರನೆಯದಕ್ಕೆ ಸಣ್ಣ ಕೆಮ್ಮು ಬಂತು. ದನಿ ಒದ್ದೆಯಾದಂತೆ ಗೊರಗೊರ ಎಂದಿತು. ನಾವು ಬೆನ್ನು ಸವರಿ ಮತ್ತೆ ಕುಡಿಸಿದೆವು. ಲೋಟ ಖಾಲಿಯಾದಾಗ ಅತ್ತೆಯ ಮುಖದಲ್ಲಿ ಎರಡು ದಿನಗಳಲ್ಲಿ ಮೊದಲ ಬಾರಿಗೆ ಸಮಾಧಾನ ಕಂಡಿತು.

ನಾಲ್ಕನೆಯ ದಿನ ಜ್ವರ ಬಂತು. ಎದೆಯ ಕ್ಷ-ಕಿರಣದಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಂಡಿತು. ಹನ್ನೊಂದನೆಯ ದಿನ ಅವರು ತೀರಿಕೊಂಡರು. ಗಂಜಿ ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಿತ್ತೆಂದು ವೈದ್ಯರು ವಿವರಿಸಿದರು. ಅತ್ತೆಗೆ ಆ ವಿವರವನ್ನು ನಾನು ಇಂದಿಗೂ ಹೇಳಿಲ್ಲ.

ನುಂಗುವುದೆಂಬ ಪರೀಕ್ಷೆ

ನುಂಗುವ ಕ್ರಿಯೆ ನಮಗೆ ಸಹಜವೆನಿಸಿದರೂ ಅದರ ಹಿಂದೆ ಹತ್ತಾರು ಸ್ನಾಯುಗಳನ್ನು ಕ್ಷಣದೊಳಗೆ ಹೊಂದಿಸುವ ಮಿದುಳಿನ ಕೆಲಸವಿದೆ. ಪಾರ್ಶ್ವವಾಯು ಬಡಿದ ಮೊದಲ ದಿನಗಳಲ್ಲಿ ಸರಿಸುಮಾರು ಅರ್ಧದಷ್ಟು ರೋಗಿಗಳಲ್ಲಿ ಈ ಹೊಂದಾಣಿಕೆ ಕೆಡುತ್ತದೆ. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ. ಆಹಾರ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೆಚ್ಚಿನವರಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಈ ಶಕ್ತಿ ತಾನಾಗಿ ಮರಳುತ್ತದೆ. ಅಲ್ಲಿಯವರೆಗೆ ಮೂಗಿನ ಮೂಲಕ ಹಾಕಿದ ನಳಿಕೆಯಲ್ಲಿ ಆಹಾರ ಕೊಡಬಹುದು. ಅಂದರೆ ಕಷ್ಟದ ಕಾಲ ಚಿಕ್ಕದು. ಅದನ್ನು ದಾಟಿಸಬೇಕು ಅಷ್ಟೆ.

ದಾಟಿಸುವ ಉಪಾಯಕ್ಕೆ ಯಂತ್ರ ಬೇಕಿಲ್ಲ. ತರಬೇತಿ ಪಡೆದ ದಾದಿ ರೋಗಿ ಎಚ್ಚರವಾಗಿದ್ದಾನೆಯೇ ಎಂದು ನೋಡುತ್ತಾಳೆ. ಬೆನ್ನು ನೆಟ್ಟಗಿರುವಂತೆ ಕೂರಿಸುತ್ತಾಳೆ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಕೊಟ್ಟು ಗಂಟಲಿನ ಚಲನೆ, ಕೆಮ್ಮು, ದನಿಯ ಬದಲಾವಣೆಗಳನ್ನು ಗಮನಿಸುತ್ತಾಳೆ. ಅನುಮಾನ ಬಂದರೆ ಹಾಸಿಗೆಯ ತಲೆಯ ಬದಿಯಲ್ಲಿ ‘ಬಾಯಿಂದ ಏನೂ ಕೊಡಬೇಡಿ’ ಎಂಬ ಹಲಗೆ ತೂಗುಹಾಕುತ್ತಾಳೆ. ಇದಿಷ್ಟಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಆ ಹದಿನೈದು ನಿಮಿಷ ಆ ಹುಡುಗಿಯ ಬಳಿ ಇರಲಿಲ್ಲ. ಈ ಪರೀಕ್ಷೆಯನ್ನು ಮಾಡಬೇಕಾದುದು ತನ್ನ ಕೆಲಸವೆಂದು ಅವಳಿಗೆ ಯಾರೂ ಹೇಳಿಕೊಟ್ಟಂತೆಯೂ ಇರಲಿಲ್ಲ. ಆದ್ದರಿಂದ ಅವಳನ್ನು ದೂಷಿಸಲು ನನಗೆ ಮನಸ್ಸಿಲ್ಲ.

ಇದು ಒಬ್ಬ ವೃದ್ಧರ ಪ್ರಕರಣದಿಂದ ಹೊರಡಿಸಿದ ತೀರ್ಮಾನವೆಂದು ಓದುಗರು ಭಾವಿಸಬಾರದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ 19 ಆಸ್ಪತ್ರೆ ಘಟಕಗಳಲ್ಲಿ ಶುಶ್ರೂಷಾ ಶಾಸ್ತ್ರದ ಪ್ರಾಧ್ಯಾಪಕಿ ಸ್ಯಾಂಡಿ ಮಿಡಲ್ಟನ್ ನೇತೃತ್ವದಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಘಟಕಗಳಲ್ಲಿ ದಾದಿಯರಿಗೆ ಮೂರು ವಿಷಯಗಳಲ್ಲಿ ತರಬೇತಿಯನ್ನೂ ಲಿಖಿತ ಕ್ರಮವನ್ನೂ ಕೊಡಲಾಯಿತು: ಜ್ವರ, ರಕ್ತದ ಸಕ್ಕರೆ, ನುಂಗುವಿಕೆ. ಮೊದಲ 72 ಗಂಟೆ ಮೈಬಿಸಿಯನ್ನೂ ಸಕ್ಕರೆಯನ್ನೂ ತಪ್ಪದೆ ನೋಡಿ, ಏರಿದರೆ ಕೂಡಲೇ ಇಳಿಸುವುದು. ನುಂಗುವ ಪರೀಕ್ಷೆ ಆಗದೆ ಬಾಯಿಗೆ ಏನೂ ಕೊಡದಿರುವುದು. ಉಳಿದ ಘಟಕಗಳಲ್ಲಿ ಎಂದಿನ ಆರೈಕೆ. 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ತಿಂಗಳ ನಂತರ ಮರಣ ಹೊಂದಿದ ಅಥವಾ ಪರಾವಲಂಬಿಗಳಾಗಿ ಉಳಿದ ರೋಗಿಗಳ ಪ್ರಮಾಣ ಎಂದಿನ ಆರೈಕೆಯಲ್ಲಿ ಶೇ 58. ಹೊಸ ಕ್ರಮದಲ್ಲಿ ಶೇ 42. ಹೊಸ ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಥರ್ಮಾಮೀಟರ್, ಸಕ್ಕರೆ ನೋಡುವ ಪಟ್ಟಿ, ಒಂದು ಚಮಚ ನೀರು, ಮತ್ತು ಇವುಗಳನ್ನು ಬಳಸುವ ಅಧಿಕಾರವುಳ್ಳ ದಾದಿ.

‘ಅಧಿಕಾರ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಮ್ಮ ರಾಜ್ಯದಲ್ಲಿ ‘ಸ್ಟಾಫ್ ನರ್ಸ್’ ಹುದ್ದೆಗೆ ಈಗ ‘ಶುಶ್ರೂಷಾಧಿಕಾರಿ’ ಎಂಬ ಗೌರವದ ಹೆಸರು ಬಂದಿದೆ. ಹೆಸರು ಬದಲಾದದ್ದು ಸಂತೋಷವೇ. ಆದರೆ ಹೆಸರಿನೊಳಗಿರುವ ಅಧಿಕಾರ ವಾರ್ಡಿನೊಳಗೆ ಇನ್ನೂ ಬಂದಿಲ್ಲ. ಗಂಜಿ ಕೊಡಬಾರದೆಂದು ಹೇಳಲು ಸಹ ದಾದಿಯೊಬ್ಬಳು ವೈದ್ಯರ ಬರಹಕ್ಕೆ ಕಾಯಬೇಕಾದ ಪದ್ಧತಿ ನಮ್ಮಲ್ಲಿದೆ.

ಹೃದಯದ ದಾರಿ, ಮಿದುಳಿನ ದಾರಿ

ಕರ್ನಾಟಕ ಸರ್ಕಾರ 2023ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆ ಪ್ರಶಂಸೆಗೆ ಅರ್ಹವಾದುದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಅದೇ ಔಷಧ ಪಾರ್ಶ್ವವಾಯುವಿಗೂ ಬಳಕೆಯಲ್ಲಿರುವುದರಿಂದ, ಇದನ್ನೇ ಮಿದುಳಿಗೂ ವಿಸ್ತರಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ.

ಸಾಲದು. ಹೃದಯಕ್ಕೆ ಇ.ಸಿ.ಜಿ. ಸಾಕು, ಮಿದುಳಿಗೆ ಸ್ಕ್ಯಾನ್ ಬೇಕೇ ಬೇಕು. ಪಾರ್ಶ್ವವಾಯುವಿನ ಬಹುಪಾಲು ಪ್ರಕರಣಗಳು ರಕ್ತ ಹೆಪ್ಪುಗಟ್ಟಿದ್ದರಿಂದ ಆಗುತ್ತವೆ; ಉಳಿದವು ರಕ್ತನಾಳ ಒಡೆದು ಆದವು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಒಡೆದ ನಾಳಕ್ಕೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಅದು ವಿಷವೇ ಸರಿ. ಆದ್ದರಿಂದ ಸ್ಕ್ಯಾನ್ ಇರುವ ಜಿಲ್ಲಾ ಕೇಂದ್ರದವರೆಗಿನ ಪಯಣ ತಪ್ಪಿದ್ದಲ್ಲ. ಹಿಮಾಚಲ ಪ್ರದೇಶ ಈ ತೊಡಕನ್ನು 2014ರಿಂದ ಜಾಣತನದಿಂದ ನಿಭಾಯಿಸಿತು. ಸ್ಕ್ಯಾನ್ ಸೌಲಭ್ಯವುಳ್ಳ ಜಿಲ್ಲಾ ಆಸ್ಪತ್ರೆಗಳಲ್ಲಿ ನರತಜ್ಞರಿಲ್ಲದಿದ್ದರೂ ಅಲ್ಲಿನ ವೈದ್ಯರು ಮೊಬೈಲಿನಲ್ಲಿ ಚಿತ್ರ ಕಳುಹಿಸಿ, ವೈದ್ಯಕೀಯ ಕಾಲೇಜಿನ ನರತಜ್ಞರ ಸಲಹೆ ಪಡೆದು, ಸರ್ಕಾರ ಒದಗಿಸಿದ ಔಷಧವನ್ನು ತಾವೇ ಕೊಟ್ಟರು. ನಮ್ಮಲ್ಲಿಯೂ ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮಕ್ಕೆ ಇಂತಹ ಸಾಮರ್ಥ್ಯವಿದೆ.

ಆದರೂ ಒಂದು ಸಂಗತಿ ಉಳಿಯುತ್ತದೆ. ಶ್ರೀಮಂತ ದೇಶಗಳಲ್ಲಿ ಸಹ ಚುಚ್ಚುಮದ್ದು ಪಡೆಯುವವರು ಒಟ್ಟು ರೋಗಿಗಳಲ್ಲಿ ಅಲ್ಪಸಂಖ್ಯಾತರು. 2015ರಲ್ಲಿ ಪ್ರಯೋಗಗಳು ಸಮರ್ಥಿಸಿದ, ತೊಡೆಯ ರಕ್ತನಾಳದ ಮೂಲಕ ತಂತಿ ತೂರಿಸಿ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆ ದೊರೆಯುವುದು ಇನ್ನೂ ಕಡಿಮೆ ಜನರಿಗೆ. ಬಾದಾಮಿ, ಹುನಗುಂದ, ಇಳಕಲ್ಲಿನ ಹಳ್ಳಿಗಳಿಂದ ಬರುವ ಬಹುತೇಕ ವೃದ್ಧರಿಗೆ ಈ ಎರಡೂ ದಕ್ಕುವುದಿಲ್ಲ. ಆದರೆ ಆಸ್ಪತ್ರೆ ತಲುಪಿದ ಪ್ರತಿಯೊಬ್ಬರಿಗೂ, ಎಷ್ಟೇ ತಡವಾಗಿ ಬಂದಿರಲಿ, ಎಷ್ಟೇ ವಯಸ್ಸಾಗಿರಲಿ, ದಕ್ಕಬಹುದಾದ ಚಿಕಿತ್ಸೆ ಒಂದೇ: ಒಳ್ಳೆಯ ಶುಶ್ರೂಷೆ. ಪಾರ್ಶ್ವವಾಯು ರೋಗಿಗಳನ್ನು ಒಂದೇ ವಾರ್ಡಿನಲ್ಲಿ ಇಟ್ಟು, ಈ ರೋಗವನ್ನು ಬಲ್ಲ ದಾದಿ, ವೈದ್ಯ, ಫಿಸಿಯೊಥೆರಪಿಸ್ಟರ ತಂಡ ನೋಡಿಕೊಂಡರೆ ಸಾವೂ ಪರಾವಲಂಬನೆಯೂ ಕಡಿಮೆಯಾಗುತ್ತವೆಂದು ದಶಕಗಳ ಪ್ರಯೋಗಗಳು ತೋರಿಸಿವೆ. ರೋಗಿಯ ವಯಸ್ಸು ಈ ಲಾಭಕ್ಕೆ ಅಡ್ಡಬರುವುದಿಲ್ಲವೆಂಬುದೂ ಅವುಗಳಿಂದ ತಿಳಿದಿದೆ.

ಮನೆಯವರಿದ್ದಾರಲ್ಲ ಎಂಬ ಸಮಾಧಾನ

‘ನಮ್ಮದು ಕುಟುಂಬ ವ್ಯವಸ್ಥೆ, ಮಕ್ಕಳು, ಸೊಸೆಯಂದಿರು ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಆಡಳಿತದ ಸಭೆಗಳಲ್ಲಿ ನಾನು ಹಲವು ಬಾರಿ ಕೇಳಿದ್ದೇನೆ, ಹೇಳಿಯೂ ಇದ್ದೇನೆ. ಈ ಭರವಸೆಯನ್ನು ಭಾರತದಲ್ಲಿಯೇ ಪರೀಕ್ಷಿಸಲಾಗಿದೆ. ದೇಶದ 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳ ಮನೆಯವರಿಗೆ ಪುನಶ್ಚೇತನದ ತರಬೇತಿ ಕೊಟ್ಟು ಮನೆಗೆ ಕಳುಹಿಸಲಾಯಿತು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳ ಬಳಿಕ ಸತ್ತವರು ಅಥವಾ ಪರಾವಲಂಬಿಗಳಾಗಿದ್ದವರು ಎರಡೂ ಗುಂಪುಗಳಲ್ಲಿ ಶೇ 47. ಯಾವ ವ್ಯತ್ಯಾಸವೂ ಇರಲಿಲ್ಲ. ಕುಟುಂಬದ ಪ್ರೀತಿ ವ್ಯರ್ಥವೆಂದು ಇದರ ಅರ್ಥವಲ್ಲ. ವೃತ್ತಿಪರರು ಮಾಡಬೇಕಾದುದನ್ನು ನಾಲ್ಕು ದಿನ ಹೇಳಿಕೊಟ್ಟು ಮನೆಯವರ ಹೆಗಲಿಗೆ ದಾಟಿಸಿಬಿಡಲಾಗದು ಎಂಬುದು ಇದರ ಪಾಠ.

ಶುಶ್ರೂಷೆಯೆಂದರೆ ಕರುಣೆ ಮಾತ್ರವಲ್ಲ, ವಿದ್ಯೆಯೂ ಹೌದು. ರೋಗಿಯನ್ನು ಬೇಗ ಎಬ್ಬಿಸಿ ನಡೆಸಿದಷ್ಟೂ ಒಳ್ಳೆಯದೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಮೊದಲ 24 ಗಂಟೆಗಳೊಳಗೆ ಆರಂಭಿಸಿ ಪದೇಪದೇ ಎಬ್ಬಿಸಿ ನಡೆಸಿದ ರೋಗಿಗಳಲ್ಲಿ ಚೇತರಿಕೆ ಕಡಿಮೆಯಾಯಿತೆಂದು ಐದು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2015ರಲ್ಲಿ ತಿಳಿಸಿತು. ಹಾಗೆಂದು ಮಲಗಿಸಿಯೇ ಬಿಟ್ಟರೆ ಹಾಸಿಗೆ ಹುಣ್ಣು, ಕಾಲಿನ ನಾಳದಲ್ಲಿ ಹೆಪ್ಪು. ಎಷ್ಟು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಸ್ವಾಧೀನ ತಪ್ಪಿದ ಕೈಯನ್ನು ಎಳೆಯದೆ ಹೇಗೆ ಎತ್ತಬೇಕು, ಮೂತ್ರದ ನಳಿಕೆಯನ್ನು ಎಂದು ತೆಗೆಯಬೇಕು ಎಂಬುದನ್ನೆಲ್ಲ ನನ್ನ ಅತ್ತೆ ಅಂತಃಕರಣದಿಂದ ಊಹಿಸಿ ತಿಳಿಯಲು ಸಾಧ್ಯವಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೂ ಸಾಧ್ಯವಾಗಲಿಲ್ಲ.

‘ಮನೆಯವರು’ ಎಂದರೆ ಯಾರು ಎಂಬುದನ್ನೂ ಕೇಳಿಕೊಳ್ಳಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯ ಸದಸ್ಯರ ಆರೈಕೆಯಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 134 ನಿಮಿಷ, ಪುರುಷರು 76 ನಿಮಿಷ ಅದಕ್ಕೆ ವ್ಯಯಿಸುತ್ತಿದ್ದರು. ಮೇಲಾಗಿ, ಈ ಕೆಲಸದಲ್ಲಿ ತೊಡಗುವ ಮಹಿಳೆಯರ ಪ್ರಮಾಣ ಪುರುಷರ ಸುಮಾರು ಎರಡರಷ್ಟು. ವೃದ್ಧರೊಬ್ಬರು ಹಾಸಿಗೆ ಹಿಡಿದರೆ ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಯಲ್ಲಾಗಲಿ, ಕೆರೂರಿನ ಒಕ್ಕಲುತನದ ಮನೆಯಲ್ಲಾಗಲಿ ಕೂಲಿ ಕಳೆದುಕೊಳ್ಳುವವಳು ಹೆಂಡತಿ, ಮಗಳು ಅಥವಾ ಸೊಸೆ. ಸರ್ಕಾರ ನೇಮಿಸದ ದಾದಿಯ ಸಂಬಳವನ್ನು ಅವಳು ತೆರುತ್ತಾಳೆ. ಆ ಲೆಕ್ಕ ಯಾವ ಮುಂಗಡಪತ್ರದಲ್ಲಿಯೂ ಬರುವುದಿಲ್ಲ.

ನಾನೇ ಬರೆದ ಷರಾ

ಈಗ ನನ್ನ ತಪ್ಪೊಪ್ಪಿಗೆಗೆ ಬರಬೇಕು. ಸುಮಾರು ಎರಡು ದಶಕಗಳ ಹಿಂದೆ, ಖರ್ಚಿನ ಪ್ರಸ್ತಾವಗಳನ್ನು ಪರಿಶೀಲಿಸುವ ಒಂದು ಹುದ್ದೆಯಲ್ಲಿ ನಾನಿದ್ದೆ. ಒಂದೇ ವಾರದಲ್ಲಿ ಎರಡು ಕಡತಗಳು ಮೇಜಿಗೆ ಬಂದವು. ಒಂದು, ಆಸ್ಪತ್ರೆಗಳಿಗೆ ಯಂತ್ರೋಪಕರಣ ಖರೀದಿಸುವುದು. ಇನ್ನೊಂದು, ವಾರ್ಡುಗಳಿಗೆ ಹೆಚ್ಚುವರಿ ದಾದಿಯರ ಹುದ್ದೆ ಸೃಷ್ಟಿಸುವುದು. ಮೊದಲನೆಯದಕ್ಕೆ ಸಹಮತಿ ಕೊಟ್ಟೆ. ಎರಡನೆಯದರ ಮೇಲೆ ‘ಆವರ್ತಕ ವೆಚ್ಚದ ಶಾಶ್ವತ ಹೊರೆ, ಸದ್ಯಕ್ಕೆ ಪರಿಗಣಿಸಲಾಗದು’ ಎಂದು ಷರಾ ಬರೆದೆ. ಆ ವಾಕ್ಯದ ಬಗ್ಗೆ ನನಗೆ ಅಂದು ಹೆಮ್ಮೆಯೇ ಇತ್ತು. ಖಜಾನೆಯ ಕಾವಲುಗಾರನ ಕರ್ತವ್ಯ ಮಾಡಿದ ಸಮಾಧಾನ.

ಆ ಷರಾದ ಹಿಂದಿದ್ದ ತರ್ಕ ನನ್ನೊಬ್ಬನದಲ್ಲ. ಅದು ಇಂದಿಗೂ ಜೀವಂತವಾಗಿದೆ. ಯಂತ್ರದ ಖರ್ಚು ಬಂಡವಾಳ ವೆಚ್ಚದ ಖಾತೆಗೆ ಹೋಗುತ್ತದೆ. ಅಲ್ಲಿ ಅದಕ್ಕೆ ‘ಆಸ್ತಿ’ ಎಂದು ಹೆಸರು. ದಾದಿಯ ಸಂಬಳ ರಾಜಸ್ವ ವೆಚ್ಚ. ಅಲ್ಲಿ ಅದು ‘ಹೊರೆ’. ಯಂತ್ರಕ್ಕೆ ಉದ್ಘಾಟನೆಯಿದೆ, ಶಿಲಾಫಲಕವಿದೆ. ರಾತ್ರಿ ಪಾಳಿಗೆ ಮೂರನೆಯ ದಾದಿ ಬಂದುದಕ್ಕೆ ರಿಬ್ಬನ್ ಕತ್ತರಿಸಲು ಯಾವ ಸಚಿವರೂ ಬರುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ 1960ರ ದಶಕದಲ್ಲಿ ಒಂದು ಸರಳ ಸತ್ಯವನ್ನು ಮುಂದಿಟ್ಟರು. ಕಾರ್ಖಾನೆಯ ಉತ್ಪಾದಕತೆ ತಂತ್ರಜ್ಞಾನದಿಂದ ಏರುತ್ತದೆ. ಆದರೆ ನಾಲ್ವರು ನುಡಿಸುವ ಸಂಗೀತಕೃತಿಯನ್ನು ಇಬ್ಬರಿಂದ ಅರ್ಧ ಸಮಯದಲ್ಲಿ ನುಡಿಸಿಸಲಾಗದು. ಇಂತಹ ಸೇವೆಗಳು ಕಾಲ ಕಳೆದಂತೆ ಉಳಿದವಕ್ಕಿಂತ ದುಬಾರಿಯಾಗಿ ಕಾಣುತ್ತವೆ. ನಮ್ಮ ಸೀಮೆಯ ಉದಾಹರಣೆ ಬೇಕಿದ್ದರೆ ಇಳಕಲ್ಲಿನ ಸೀರೆಯಿದೆ. ಕೈಮಗ್ಗದಲ್ಲಿ ದಿನಗಟ್ಟಲೆ ಹಿಡಿಯುವ ನೇಯ್ಗೆಯನ್ನು ವಿದ್ಯುತ್ ಮಗ್ಗ ಬೇಗ ಮುಗಿಸುತ್ತದೆ. ಆದರೆ ಸ್ವಾಧೀನ ತಪ್ಪಿದ ವೃದ್ಧನಿಗೆ ಚಮಚದಲ್ಲಿ ನೀರು ಕೊಟ್ಟು ಗಂಟಲು ನೋಡಲು ಬೇಕಾದ ಸಮಯ ನೂರು ವರ್ಷಗಳ ಹಿಂದೆ ಎಷ್ಟಿತ್ತೋ ಇಂದೂ ಅಷ್ಟೇ. ಶುಶ್ರೂಷೆಗೆ ವಿದ್ಯುತ್ ಮಗ್ಗವಿಲ್ಲ. ಆದುದರಿಂದ ಮಿತವ್ಯಯದ ಹೆಸರಿನಲ್ಲಿ ಅದನ್ನು ಕತ್ತರಿಸುತ್ತ ಹೋದರೆ ಉಳಿತಾಯವಾಗುವುದಿಲ್ಲ. ಕೆಲಸವೇ ನಡೆಯದೆ ಉಳಿಯುತ್ತದೆ.

ಹೊರೆ ಎಷ್ಟೆಂದು ಲೆಕ್ಕ ಹಾಕೋಣ. ಜಿಲ್ಲಾ ಮಟ್ಟದಲ್ಲಿ ಎಂಟು ಹಾಸಿಗೆಗಳ ಒಂದು ಪಾರ್ಶ್ವವಾಯು ಘಟಕ, ನಾಲ್ಕು ಹಾಸಿಗೆಗೆ ಒಬ್ಬ ದಾದಿ ಎಂದಿಟ್ಟುಕೊಳ್ಳಿ. ಪ್ರತಿ ಪಾಳಿಗೆ ಇಬ್ಬರು. ದಿನಕ್ಕೆ ಮೂರು ಪಾಳಿಯಂತೆ ವಾರಕ್ಕೆ 21 ಪಾಳಿಗಳು. ವಾರದ ರಜೆ, ಹಬ್ಬ, ಕಾಯಿಲೆ, ಹೆರಿಗೆ ರಜೆಗಳನ್ನು ಸೇರಿಸಿದರೆ ಒಂದು ಸ್ಥಾನ ತುಂಬಲು ಸುಮಾರು ನಾಲ್ಕೂವರೆ ಮಂದಿ ಬೇಕು. ಎರಡು ಸ್ಥಾನಗಳಿಗೆ ಒಂಬತ್ತು, ಮೇಲ್ವಿಚಾರಣೆಗೆ ಒಬ್ಬರು, ಒಟ್ಟು ಹತ್ತು. ತಲಾ ವರ್ಷಕ್ಕೆ 8ರಿಂದ 10 ಲಕ್ಷ ರೂಪಾಯಿ ಎಂದು ಊಹಿಸಿದರೂ ವರ್ಷಕ್ಕೆ ಒಂದು ಕೋಟಿಯ ಒಳಗೆ. 2011ರ ಜನಗಣತಿಯಲ್ಲೇ ಸುಮಾರು 18.9 ಲಕ್ಷ ಜನಸಂಖ್ಯೆಯಿದ್ದ ಬಾಗಲಕೋಟೆಯಂತಹ ಜಿಲ್ಲೆಗೆ ಇದು ತಲಾ ಐದಾರು ರೂಪಾಯಿಯ ಮಾತು. ಸ್ಕ್ಯಾನ್ ಯಂತ್ರ ಬೇಡವೆನ್ನುತ್ತಿಲ್ಲ. ಆದರೆ ಅದು ರೋಗವನ್ನು ತೋರಿಸುತ್ತದೆ, ರೋಗಿಯನ್ನು ನೋಡಿಕೊಳ್ಳುವುದಿಲ್ಲ.

ಮಾಡಬಹುದಾದುದು

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಇಂತಹ ಘಟಕವೊಂದನ್ನು ತೆರೆದು, ಅಲ್ಲಿ ತರಬೇತಾದ ದಾದಿಯರನ್ನು ಕನಿಷ್ಠ ಕೆಲವು ವರ್ಷ ಬೇರೆ ವಾರ್ಡಿಗೆ ಬದಲಿಸದೆ ಉಳಿಸಿಕೊಳ್ಳಬೇಕು. ಕಲಿತ ಕೈ ಆರು ತಿಂಗಳಲ್ಲಿ ಬೇರೆಡೆಗೆ ಹೋದರೆ ತರಬೇತಿ ವ್ಯರ್ಥ. ಎರಡನೆಯದಾಗಿ, ಜ್ವರ, ಸಕ್ಕರೆ, ನುಂಗುವಿಕೆಗಳ ಒಂದು ಪುಟದ ನಮೂನೆಯನ್ನು ಪ್ರತಿ ಪಾರ್ಶ್ವವಾಯು ರೋಗಿಯ ದಾಖಲೆಗೆ ಕಡ್ಡಾಯವಾಗಿ ಲಗತ್ತಿಸಿ, ಅದರಂತೆ ನಡೆಯುವ ಅಧಿಕಾರವನ್ನು ಲಿಖಿತ ಆದೇಶದ ಮೂಲಕ ದಾದಿಗೆ ಕೊಡಬೇಕು. ಇದಕ್ಕೆ ಹಣಕಾಸಿನ ಸಹಮತಿಯೂ ಬೇಕಿಲ್ಲ. ಒಂದು ಸುತ್ತೋಲೆ ಸಾಕು. ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜಿದೆ, ಶುಶ್ರೂಷಾ ಕಾಲೇಜುಗಳಿವೆ. ಕಲಿಸುವವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಮೂರನೆಯದಾಗಿ, ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ಒಬ್ಬರು ಬಂದು ನೋಡಬೇಕು. ನಮ್ಮ ವಿಮಾ ಯೋಜನೆಗಳೆಲ್ಲ ಮುಖ್ಯವಾಗಿ ಒಳರೋಗಿ ಚಿಕಿತ್ಸೆಯ ಸುತ್ತ ಕಟ್ಟಿದವು. ಮನೆಯ ಮಂಚದ ಬಳಿಗೆ ಅವು ಬರುವುದಿಲ್ಲ. ನೆರೆಯ ಕೇರಳ 2008ರಲ್ಲಿ ಉಪಶಾಮಕ ಆರೈಕೆಯ ನೀತಿಯನ್ನು ರೂಪಿಸಿ, ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿಯ ಮೂಲಕವೇ ದಾದಿ ಹೋಗುವ ವ್ಯವಸ್ಥೆ ಬೆಳೆಸಿತು. ನಮ್ಮ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿರುವ ಸಮುದಾಯ ಆರೋಗ್ಯಾಧಿಕಾರಿಗಳಲ್ಲಿ ಅನೇಕರು ಶುಶ್ರೂಷಾ ಪದವೀಧರರು. ರಕ್ತದೊತ್ತಡ ನೋಡಿ ಬರೆದುಕೊಳ್ಳುವುದಕ್ಕಷ್ಟೇ ಸೀಮಿತಗೊಳಿಸದೆ, ಪಾರ್ಶ್ವವಾಯುವಿನಿಂದ ಮರಳಿದ ಪ್ರತಿಯೊಬ್ಬರ ಮನೆಗೂ ಅವರು ಮೊದಲ ಮೂರು ತಿಂಗಳು ಹೋಗಿಬರುವಂತೆ ಮಾಡಬಹುದು.

ನಾಲ್ಕನೆಯದು ಸರ್ಕಾರದ್ದಲ್ಲ, ನಮ್ಮದು. ಮುಖ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ರೋಗಿ ಕೊನೆಯ ಬಾರಿಗೆ ಸರಿಯಾಗಿದ್ದ ವೇಳೆಯನ್ನು ಬರೆದುಕೊಳ್ಳಿ. ಚಿಕಿತ್ಸೆಯ ತೀರ್ಮಾನ ಅದರ ಮೇಲೆ ನಿಂತಿದೆ. ಎಚ್ಚರ ಕಡಿಮೆಯಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ರಕ್ತದೊತ್ತಡ ಏರಿದೆಯೆಂದು ನಾಲಿಗೆಯ ಕೆಳಗೆ ಮಾತ್ರೆ ಇಡಬೇಡಿ. ನೀರು, ತೀರ್ಥ, ಗಂಜಿ, ಔಷಧ ಯಾವುದನ್ನೂ ಬಾಯಿಗೆ ಹಾಕಬೇಡಿ. ವಾರ್ಡಿನಲ್ಲಿಯೂ, ‘ನುಂಗುವ ಪರೀಕ್ಷೆ ಆಗಿದೆಯೇ?’ ಎಂದು ಕೇಳಿದ ಮೇಲೆಯೇ ಲೋಟ ಎತ್ತಿಕೊಳ್ಳಿ. ನಾನು ಕೇಳಲಿಲ್ಲ.

ವೃದ್ಧರಿಗಾಗಿ ಇಷ್ಟೆಲ್ಲ ಖರ್ಚೇಕೆ ಎಂದು ಕೆಲವರು ಪಿಸುಮಾತಿನಲ್ಲಿ ಕೇಳುವುದುಂಟು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯ ಶೇ 9.5ರಷ್ಟು ಮಂದಿ ಅರವತ್ತು ದಾಟಿದವರಾಗಿದ್ದರು. ಈ ಪ್ರಮಾಣ ಏರುತ್ತಲೇ ಇದೆ. ವಯಸ್ಕನೊಬ್ಬನಿಗೆ ಜೀವಮಾನದಲ್ಲಿ ಪಾರ್ಶ್ವವಾಯು ಬರುವ ಸಂಭವ ಜಾಗತಿಕವಾಗಿ ಸರಿಸುಮಾರು ನಾಲ್ಕರಲ್ಲಿ ಒಂದು ಎಂದು 2018ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಈ ಪುಟವನ್ನು ಓದುತ್ತಿರುವ ನಮ್ಮಲ್ಲಿ ಹಲವರ ಪಾಲಿಗೆ ಅಂತಹ ವಾರ್ಡಿನ ಒಂದು ಹಾಸಿಗೆ ಕಾದಿದೆ. ಅಲ್ಲಿ ದಾದಿಯೊಬ್ಬಳು ಹದಿನೈದು ನಿಮಿಷ ನಮ್ಮ ಪಕ್ಕ ಕೂರಬಲ್ಲಳೇ ಎಂಬುದನ್ನು ಇಂದಿನ ಷರಾಗಳು ತೀರ್ಮಾನಿಸುತ್ತವೆ.

ಮಹಾಕೂಟದಲ್ಲಿ ಒಂದು ಕಾಲಕ್ಕೆ ನಿಂತಿದ್ದ, ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 600ರ ಸುಮಾರಿನ ಕಂಬವೊಂದರ ಮೇಲೆ ಚಾಲುಕ್ಯ ಮಂಗಲೇಶನ ಶಾಸನವಿದೆ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಮಕುಟೇಶ್ವರ ದೇವರಿಗೆ ಹತ್ತು ಊರುಗಳನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿ ಬರುತ್ತದೆ. ವಿದ್ಯಾರ್ಥಿಯಾಗಿದ್ದಾಗ ಅದನ್ನು ಬರಿಯ ಇತಿಹಾಸವಾಗಿ ಓದಿದ್ದೆ. ಸೋದರಮಾವನ ಕರ್ಮಾಂತರ ಮುಗಿಸಿ ಪುಷ್ಕರಿಣಿಯ ಮೆಟ್ಟಿಲ ಮೇಲೆ ಕುಳಿತಾಗ ಅದು ಆಯವ್ಯಯದ ಪಾಠವಾಗಿ ಕಂಡಿತು. ಗುಡಿ ಕಟ್ಟಿದರಷ್ಟೇ ಸಾಲದು, ನಿತ್ಯ ದೀಪ ಹಚ್ಚುವವರ ಅನ್ನಕ್ಕೆ ವರ್ಷ ವರ್ಷವೂ ಹುಟ್ಟುವಳಿ ಬೇಕೆಂದು ಹದಿನಾಲ್ಕು ಶತಮಾನಗಳ ಹಿಂದೆ ಆ ರಾಣಿಗೆ ತಿಳಿದಿತ್ತು. ಆವರ್ತಕ ವೆಚ್ಚವನ್ನು ಅವಳು ಹೊರೆಯೆಂದು ಬರೆಸಲಿಲ್ಲ; ಪುಣ್ಯವೆಂದು ಕಲ್ಲಿನಲ್ಲಿ ಕೆತ್ತಿಸಿದಳು. ಆಸ್ಪತ್ರೆಗಳನ್ನು ಕಟ್ಟುತ್ತಿರುವ ನಾವು ಅಷ್ಟನ್ನಾದರೂ ಅವಳಿಂದ ಕಲಿಯಬೇಕು.